ಏರಿಯಾ ಟೆಸ್ಟ್ ಪಾಸಾದರೆ ಸಾಲದು: ತುಮಕೂರಿನ ಲ್ಯಾಬಿನಲ್ಲಿ ವಿಎಲ್‌ಇ ಡೇಟಾ ಪರೀಕ್ಷಿಸುವ ಕ್ರಮ

"ಏರಿಯಾ ಟೆಸ್ಟ್ ಪಾಸಾಯಿತು, ಆದರೂ ಡಿಸ್ಟಿಲೇಷನ್ ಕಾಲಂ ಲೆಕ್ಕ ತಾಳೆಯಾಗುತ್ತಿಲ್ಲ, ಏಕೆ?" ತುಮಕೂರಿನ ಕೆಮಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ, ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಕಡೆ ಸಾಲ್ವೆಂಟ್ ರಿಕವರಿ (ಬಳಸಿದ ದ್ರಾವಕವನ್ನು ಮರಳಿ ಪಡೆಯುವ ಕೆಲಸ) ನೋಡಿಕೊಳ್ಳುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಏರಿಯಾ ಟೆಸ್ಟ್ ಅಂದರೆ ಅಳೆದ ಡೇಟಾವನ್ನು ನಂಬಬಹುದೇ ಎಂದು ನೋಡುವ ಒಂದು ಪರೀಕ್ಷೆ, ಹಂತ 5ರಲ್ಲಿ ಬರುತ್ತದೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದು ಹಾಗೇ ಅನ್ವಯಿಸುತ್ತದೆ. ಏಕೆಂಬುದು ಮೊದಲ ಹಂತದಲ್ಲೇ ತಿಳಿಯುತ್ತದೆ.

ವಿಎಲ್‌ಇ ಅಂದರೆ ಆವಿ ಮತ್ತು ದ್ರವದ ಸಮತೋಲನ. ಎರಡು ದ್ರವಗಳ ಮಿಶ್ರಣ ಕುದಿಯುವಾಗ ನಾಲ್ಕು ಸಂಖ್ಯೆಗಳು ಸಿಗುತ್ತವೆ: ದ್ರವದಲ್ಲಿರುವ ಮೋಲ್ ಭಾಗ (ಇದನ್ನು ಎಕ್ಸ್ ಎನ್ನೋಣ), ಆವಿಯಲ್ಲಿರುವ ಮೋಲ್ ಭಾಗ (ವೈ), ಉಷ್ಣತೆ ಮತ್ತು ಒತ್ತಡ. ಈ ನಾಲ್ಕೂ ಒಂದರಿಂದೊಂದು ಸ್ವತಂತ್ರವಲ್ಲ. ಮೂರು ಗೊತ್ತಿದ್ದರೆ ನಾಲ್ಕನೆಯದನ್ನು ಗಿಬ್ಸ್–ಡುಹೆಮ್ ಸಮೀಕರಣದಿಂದ (ಮಿಶ್ರಣದಲ್ಲಿ ಒಂದು ದ್ರವದ ನಡೆ ಬದಲಾದಾಗ ಇನ್ನೊಂದರದು ಹೇಗೆ ಬದಲಾಗಬೇಕೆಂದು ಹೇಳುವ ನಿಯಮ) ಲೆಕ್ಕ ಹಾಕಿ ತೆಗೆಯಬಹುದು. ಕನ್ಸಿಸ್ಟೆನ್ಸಿ (ಪರಸ್ಪರ ಹೊಂದಾಣಿಕೆ) ಪರೀಕ್ಷೆ ನಿಂತಿರುವುದು ಇದರ ಮೇಲೆಯೇ: ಅಳೆದ ನಾಲ್ಕನೆಯ ಸಂಖ್ಯೆಯೂ ಲೆಕ್ಕದಿಂದ ಬಂದ ಸಂಖ್ಯೆಯೂ ಹೊಂದುತ್ತವೆಯೇ ಎಂದು ನೋಡುವುದು. ಹೊಂದದಿದ್ದರೆ ಡೇಟಾದಲ್ಲಿ ತಪ್ಪಿದೆ. ಹೊಂದಿದರೆ ಡೇಟಾ ಸರಿಯಿರಬಹುದು, ಅಷ್ಟೇ. "ಸರಿಯಿದೆ" ಎಂದು ಯಾವ ಪರೀಕ್ಷೆಯೂ ಪ್ರಮಾಣಪತ್ರ ಕೊಡುವುದಿಲ್ಲ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಪ್ರಯೋಗದ ರೀಡಿಂಗ್‌ಗಳು, ಆ ದಿನ ಲ್ಯಾಬಿನಲ್ಲಿದ್ದ ನಿಜವಾದ ಒತ್ತಡ, ಎರಡೂ ದ್ರವಗಳ ಆಂಟ್ವಾನ್ ಸ್ಥಿರಾಂಕಗಳು (ಶುದ್ಧ ದ್ರವದ ಆವಿಯೊತ್ತಡವನ್ನು ಉಷ್ಣತೆಯಿಂದ ಲೆಕ್ಕ ಹಾಕುವ ಮೂರು ಸಂಖ್ಯೆಗಳು), ಮತ್ತು ಸಾಲ್ವರ್ (ಹೇಳಿದ ಮೊತ್ತ ಕನಿಷ್ಠವಾಗುವಂತೆ ಸ್ಥಿರಾಂಕಗಳನ್ನು ಹುಡುಕಿಕೊಡುವ ಸೌಲಭ್ಯ) ಇರುವ ಎಕ್ಸೆಲ್ ಶೀಟ್. ಕೆಳಗಿನ ಉದಾಹರಣೆಗಳೆಲ್ಲ ಮಿಥನಾಲ್–ನೀರಿನವು. ಮಿಥನಾಲ್ 1, ನೀರು 2. ಬರೀ ಎಕ್ಸ್, ವೈ ಎಂದಿದ್ದರೆ ಅವು ಮಿಥನಾಲ್‌ನವು. ಪ್ರಯೋಗ ಮಾಡುವವರಿಗೊಂದು ಎಚ್ಚರಿಕೆ: ಮಿಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಹೀಟಿಂಗ್ ಮ್ಯಾಂಟಲ್‌ನಲ್ಲೇ ಕಾಯಿಸಿ, ಗಾಳಿಯಾಡುವ ಕಡೆ ಮಾಡಿ, ಪಿಪೆಟ್‌ಗೆ ಬಾಯಿ ಹಾಕಬೇಡಿ.

ಹಂತ 1: ಒತ್ತಡವನ್ನು ಖಚಿತಪಡಿಸಿಕೊಳ್ಳಿ

ಈ ಹಂತಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ನಮ್ಮ ಭಾಗದ ಡೇಟಾ ಕೆಡುವುದು ಹೆಚ್ಚಾಗಿ ಇಲ್ಲೇ.

ಪಠ್ಯಪುಸ್ತಕದ ಉದಾಹರಣೆಗಳು 760 ಮಿಲಿಮೀಟರ್ ಪಾದರಸ, ಅಂದರೆ 101.3 ಕಿಲೋಪಾಸ್ಕಲ್ ಎಂದು ಹಿಡಿದುಕೊಂಡೇ ಶುರುವಾಗುತ್ತವೆ. ಅದು ಸಮುದ್ರಮಟ್ಟದ ಒತ್ತಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿವೆ. ಇಲ್ಲಿ ವಾತಾವರಣದ ಒತ್ತಡ 91–92 ಕಿಲೋಪಾಸ್ಕಲ್ ಆಸುಪಾಸು, ಅಂದರೆ ಸುಮಾರು 690 ಮಿಲಿಮೀಟರ್ ಪಾದರಸ. ಇದು 760ಕ್ಕಿಂತ ಶೇಕಡಾ 9ರಷ್ಟು ಕಡಿಮೆ. ಆದ್ದರಿಂದ 92 ಕಿಲೋಪಾಸ್ಕಲ್‌ನಲ್ಲಿ ನೀರು ಕುದಿಯುವುದು 97.3 ಡಿಗ್ರಿ ಸೆಲ್ಸಿಯಸ್‌ಗೆ. ಮಿಥನಾಲ್ 64.7ರ ಬದಲು 62.3ಕ್ಕೆ, ಎಥನಾಲ್ 78.3ರ ಬದಲು 75.8ರ ಸುಮಾರಿಗೆ ಕುದಿಯುತ್ತದೆ.

ಉಷ್ಣತೆಯನ್ನು ಇಲ್ಲಿ ಅಳೆದು, ಲೆಕ್ಕದಲ್ಲಿ ಮಾತ್ರ 760 ಹಾಕಿದರೆ ಪ್ರತಿಯೊಂದು ಆಕ್ಟಿವಿಟಿ ಕೋಎಫಿಶಿಯಂಟ್ (ಹಂತ 3ರಲ್ಲಿ ಬರುವ ಗ್ಯಾಮಾ) ಕೂಡ ಶೇಕಡಾ 10ರಷ್ಟು ಉಬ್ಬುತ್ತದೆ. ಈ ತಪ್ಪು ಏರಿಯಾ ಟೆಸ್ಟಿಗೆ ಕಾಣುವುದೇ ಇಲ್ಲ. ಹೇಗೆಂದು ಹಂತ 5ರಲ್ಲಿ ನೋಡೋಣ.

ಫೋನಿನ ಹವಾಮಾನ ಆ್ಯಪ್ ನೋಡಿ ಒತ್ತಡ ಬರೆದುಕೊಳ್ಳಬೇಡಿ. ಹವಾಮಾನ ವರದಿಗಳಲ್ಲಿ ಒತ್ತಡವನ್ನು ಸಮುದ್ರಮಟ್ಟಕ್ಕೆ ಪರಿವರ್ತಿಸಿ ಕೊಡುತ್ತಾರೆ, ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಲು ಹಾಗೆ ಮಾಡಲೇಬೇಕು. ಹೀಗಾಗಿ ತುಮಕೂರಿನಲ್ಲಿ ಕುಳಿತಿದ್ದರೂ ಆ್ಯಪ್ 1010 ಹೆಕ್ಟೋಪಾಸ್ಕಲ್ ತೋರಿಸುತ್ತದೆ. ನಿಮ್ಮ ಸ್ಟಿಲ್ (ಮಿಶ್ರಣ ಕುದಿಸುವ ಉಪಕರಣ) ಸುತ್ತಲಿನ ಗಾಳಿಯ ಒತ್ತಡ ಆಗ 920ರ ಆಸುಪಾಸಿನಲ್ಲಿರುತ್ತದೆ. ಲ್ಯಾಬಿನ ಫೋರ್ಟಿನ್ ಬ್ಯಾರೋಮೀಟರ್ ಅಥವಾ ಡಿಜಿಟಲ್ ಬ್ಯಾರೋಮೀಟರ್ ಓದಿ. ಕೆಲವು ಫೋನ್‌ಗಳಲ್ಲಿ ಒತ್ತಡದ ಸೆನ್ಸರ್ ಇರುತ್ತದೆ. ಆ ಸೆನ್ಸರ್‌ನ ನೇರ ರೀಡಿಂಗ್ ಅನ್ನು ಅಂದಾಜಿಗೆ ಬಳಸಬಹುದು.

ಬ್ಯಾರೋಮೀಟರ್ ಇಲ್ಲವೇ? ಸ್ಟಿಲ್‌ಗೆ ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ಕುದಿಸಿ. ಥರ್ಮಾಮೀಟರ್ ಮೇಲೆ ನಂಬಿಕೆ ಇದ್ದರೆ ಕುದಿಯುವ ಉಷ್ಣತೆಯೇ ಒತ್ತಡ ಹೇಳುತ್ತದೆ. ಬ್ಯಾರೋಮೀಟರ್ ಇದ್ದರೂ ಇದನ್ನೊಮ್ಮೆ ಮಾಡಿ, ಆಗ ಥರ್ಮಾಮೀಟರ್ ಪರೀಕ್ಷೆಯಾದಂತಾಗುತ್ತದೆ. ಒಂದು ಡಿಗ್ರಿ ತಪ್ಪಾದರೆ ನೀರಿನ ಆವಿಯೊತ್ತಡದಲ್ಲಿ ಸುಮಾರು ಶೇಕಡಾ 3.6, ಮಿಥನಾಲ್‌ನಲ್ಲಿ ಶೇಕಡಾ 4 ವ್ಯತ್ಯಾಸ ಬರುತ್ತದೆ.

ದಿನದಲ್ಲೇ ಒತ್ತಡ ಏರಿಳಿಯುತ್ತದೆ: ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ವ್ಯತ್ಯಾಸ ಕೆಲವೇ ಹೆಕ್ಟೋಪಾಸ್ಕಲ್. ದೊಡ್ಡದಲ್ಲ, ಆದರೂ ಪ್ರತಿ ರೀಡಿಂಗ್ ಜೊತೆ ಒತ್ತಡವನ್ನೂ ಬರೆದಿಡಿ.

ಹಂತ 2: ವೈ ನಿಜಕ್ಕೂ ಅಳೆದದ್ದೇ ಎಂದು ನೋಡಿ

ಪತ್ರಿಕೆಯಿಂದಲೋ ಹ್ಯಾಂಡ್‌ಬುಕ್‌ನಿಂದಲೋ ತೆಗೆದ ಡೇಟಾ ಆಗಿದ್ದರೆ, ಆವಿಯ ಸಂಯೋಜನೆಯನ್ನು ಅಳೆದಿದ್ದಾರೋ ಲೆಕ್ಕ ಹಾಕಿದ್ದಾರೋ ಎಂದು ಮೊದಲು ಓದಿ. ಎಷ್ಟೋ ಪ್ರಯೋಗಗಳಲ್ಲಿ ಒತ್ತಡ, ಉಷ್ಣತೆ, ಎಕ್ಸ್ ಮಾತ್ರ ಅಳೆದು ವೈಯನ್ನು ಗಿಬ್ಸ್–ಡುಹೆಮ್‌ನಿಂದಲೇ ತೆಗೆದಿರುತ್ತಾರೆ. ಅದು ಒಳ್ಳೆಯ ವಿಧಾನವೇ. ಆದರೆ ಅಂಥ ಡೇಟಾವನ್ನು ಮತ್ತೆ ಗಿಬ್ಸ್–ಡುಹೆಮ್‌ನಿಂದ ಪರೀಕ್ಷಿಸಿದರೆ ಪಾಸಾಗದೆ ಇನ್ನೇನಾಗುತ್ತದೆ? ಆ ಪರೀಕ್ಷೆಗೆ ಅರ್ಥವಿಲ್ಲ.

ನಿಮ್ಮದೇ ಪ್ರಯೋಗವಾದರೆ ಸಂಯೋಜನೆಯನ್ನು ಹೇಗೆ ಅಳೆದಿರಿ ಎಂಬುದು ಮುಖ್ಯ. ರಿಫ್ರ್ಯಾಕ್ಟೋಮೀಟರ್ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಮಿಥನಾಲ್–ನೀರಿಗೆ ಅದು ಬೇಡ. ನೀರಿನ ವಕ್ರೀಭವನ ಸೂಚ್ಯಂಕ 1.333, ಮಿಥನಾಲ್‌ನದು 1.329. ಮಿಶ್ರಣದ ಸೂಚ್ಯಂಕ ಎರಡಕ್ಕಿಂತಲೂ ಮೇಲೇರಿ, ಮಧ್ಯದಲ್ಲಿ ಗರಿಷ್ಠ ಮುಟ್ಟಿ ಇಳಿಯುತ್ತದೆ. ಒಂದೇ ರೀಡಿಂಗಿಗೆ ಎರಡು ಸಂಯೋಜನೆಗಳು ಬರುತ್ತವೆ. ಎಥನಾಲ್–ನೀರಿನಲ್ಲೂ ಇದೇ ತೊಂದರೆ. ಈ ಜೋಡಿಗಳಿಗೆ ಸ್ಪೆಸಿಫಿಕ್ ಗ್ರಾವಿಟಿ ಬಾಟಲ್ ಬಳಸಿ ಸಾಂದ್ರತೆ ಅಳೆಯುವುದೇ ಒಳ್ಳೆಯದು. 20 ಡಿಗ್ರಿಯಲ್ಲಿ ನೀರು 0.998, ಮಿಥನಾಲ್ 0.791, ನಡುವೆ ಒಂದೇ ಸಮನೆ ಇಳಿಯುತ್ತದೆ. ಬಾಟಲನ್ನು ಒಂದೇ ಉಷ್ಣತೆಯ ನೀರಿನಲ್ಲಿಟ್ಟು ತೂಗಿ, ಅದೇ ಉಷ್ಣತೆಯ ಕೋಷ್ಟಕ ನೋಡಿ. ತೂಕದ ಭಾಗವನ್ನು ಮೋಲ್ ಭಾಗಕ್ಕೆ ಬದಲಿಸಲು ಮರೆಯಬೇಡಿ.

ಹಂತ 3: ಗ್ಯಾಮಾ ಲೆಕ್ಕ

ಆಕ್ಟಿವಿಟಿ ಕೋಎಫಿಶಿಯಂಟ್, ಅಂದರೆ ಗ್ಯಾಮಾ: ಮಿಶ್ರಣವು ಆದರ್ಶ ನಡೆಯಿಂದ ಎಷ್ಟು ದೂರವಿದೆ ಎಂದು ಹೇಳುವ ಸಂಖ್ಯೆ. ಆದರ್ಶ ಮಿಶ್ರಣಕ್ಕೆ ಅದು 1. ಕಡಿಮೆ ಒತ್ತಡದಲ್ಲಿ ಸೂತ್ರ ಇಷ್ಟೇ:

ಗ್ಯಾಮಾ = (ವೈ × ಒಟ್ಟು ಒತ್ತಡ) ÷ (ಎಕ್ಸ್ × ಶುದ್ಧ ದ್ರವದ ಆವಿಯೊತ್ತಡ)

ಒಂದು ಬಿಂದುವನ್ನು ಕೈಯಾರೆ ಮಾಡಿ ನೋಡಿ. 101.3 ಕಿಲೋಪಾಸ್ಕಲ್‌ನ ಮಿಥನಾಲ್–ನೀರಿನ ಹೆಸರಾಂತ ಹ್ಯಾಂಡ್‌ಬುಕ್ ಕೋಷ್ಟಕದಲ್ಲಿ ಎಕ್ಸ್ 0.40, ವೈ 0.729, ಉಷ್ಣತೆ 75.3 ಡಿಗ್ರಿ ಎಂದಿದೆ. ಆ ಉಷ್ಣತೆಯಲ್ಲಿ ಮಿಥನಾಲ್‌ನ ಆವಿಯೊತ್ತಡ ಸುಮಾರು 151.6, ನೀರಿನದು 39.1 ಕಿಲೋಪಾಸ್ಕಲ್. ಗ್ಯಾಮಾ1 = (0.729 × 101.3) ÷ (0.40 × 151.6) = 1.22. ಗ್ಯಾಮಾ2 = (0.271 × 101.3) ÷ (0.60 × 39.1) = 1.17. ನಿಮ್ಮ ಶೀಟ್ ಇದೇ ಉತ್ತರ ಕೊಡದಿದ್ದರೆ ಮುಂದೆ ಹೋಗಬೇಡಿ.

ತಪ್ಪು ಸಾಮಾನ್ಯವಾಗಿ ಆಂಟ್ವಾನ್ ಸ್ಥಿರಾಂಕಗಳಲ್ಲಿರುತ್ತದೆ. ಒಂದು ಪುಸ್ತಕದಲ್ಲಿ ಸ್ವಾಭಾವಿಕ ಲಾಗ್ ಮತ್ತು ಕಿಲೋಪಾಸ್ಕಲ್, ಇನ್ನೊಂದರಲ್ಲಿ ಹತ್ತರ ಲಾಗ್ ಮತ್ತು ಮಿಲಿಮೀಟರ್ ಪಾದರಸ, ಮತ್ತೊಂದರಲ್ಲಿ ಕೆಲ್ವಿನ್ ಮತ್ತು ಬಾರ್. ಒಂದರ ಸ್ಥಿರಾಂಕ ಇನ್ನೊಂದರ ಸೂತ್ರಕ್ಕೆ ಹಾಕಿದರೆ ಎಲ್ಲ ಹಾಳು. ನೀರಿಗೆ 100 ಡಿಗ್ರಿ ಹಾಕಿದಾಗ 101.3 ಕಿಲೋಪಾಸ್ಕಲ್ ಬರುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಹಂತ 4: ತುದಿಗಳನ್ನೂ ಇಳಿಜಾರನ್ನೂ ಕಣ್ಣಲ್ಲೇ ನೋಡಿ

ಎಕ್ಸ್ ವಿರುದ್ಧ ಎರಡೂ ಗ್ಯಾಮಾಗಳ ಸ್ವಾಭಾವಿಕ ಲಾಗ್ ಗುರುತಿಸಿ ಗ್ರಾಫ್ ಬರೆಯಿರಿ. ಮೂರು ವಿಷಯ ನೋಡಿ.

ಒಂದು, ಪ್ರತಿಯೊಂದು ದ್ರವವೂ ಶುದ್ಧವಾಗುವ ತುದಿಯಲ್ಲಿ ಅದರ ಗ್ಯಾಮಾ 1 ಆಗಲೇಬೇಕು. ಮೇಲಿನ ಕೋಷ್ಟಕದಲ್ಲಿ ಎಕ್ಸ್ 0.02 ಇದ್ದಾಗ ನೀರಿನ ಗ್ಯಾಮಾ 1.006, ಎಕ್ಸ್ 0.90 ಇದ್ದಾಗ ಮಿಥನಾಲ್‌ನದು 1.01. ಒಳ್ಳೆಯ ಡೇಟಾ ಹೀಗಿರುತ್ತದೆ. ಎರಡೂ ತುದಿಯಲ್ಲಿ 1.10 ಬಂತೆಂದರೆ ಒತ್ತಡದ ಜಾಗದಲ್ಲಿ 760 ಕುಳಿತಿದೆ.

ಎರಡು, ಒಂದರ ರೇಖೆ ಇಳಿಯುವಾಗ ಇನ್ನೊಂದರದು ಏರಬೇಕು. ಎಕ್ಸ್ 0.5ರಲ್ಲಿ ಇಳಿಜಾರುಗಳು ಸಮ, ದಿಕ್ಕು ಮಾತ್ರ ಬೇರೆ. ಎರಡೂ ಒಟ್ಟಿಗೆ ಏರುತ್ತಿದ್ದರೆ ಆ ಭಾಗದ ರೀಡಿಂಗ್ ಅನುಮಾನಾಸ್ಪದ. (ಸ್ಥಿರ ಒತ್ತಡದ ಡೇಟಾದಲ್ಲಿ ಉಷ್ಣತೆಯೂ ಬದಲಾಗುವುದರಿಂದ ಸಣ್ಣ ವ್ಯತ್ಯಾಸ ಕ್ಷಮ್ಯ.)

ಮೂರು, ಶುದ್ಧ ತುದಿಗೆ ಹತ್ತಿರ ಬಂದಂತೆ ಆ ದ್ರವದ ರೇಖೆ ಮಲಗಿದಂತೆ ಸಪಾಟಾಗಬೇಕು.

ಅರ್ಧ ಗಂಟೆಯೂ ಹಿಡಿಯದ ಈ ಹಂತವನ್ನು ಬಿಟ್ಟು ನೇರ ಏರಿಯಾ ಟೆಸ್ಟಿಗೆ ಹಾರುವವರೇ ಹೆಚ್ಚು. ದಯವಿಟ್ಟು ಹಾರಬೇಡಿ.

ಹಂತ 5: ಏರಿಯಾ ಟೆಸ್ಟ್, ಅದರ ಮಿತಿಯನ್ನು ತಿಳಿದುಕೊಂಡು

ಹೆರಿಂಗ್ಟನ್ 1947ರಲ್ಲಿ, ರೆಡ್ಲಿಚ್ ಮತ್ತು ಕಿಸ್ಟರ್ 1948ರಲ್ಲಿ ಮುಂದಿಟ್ಟ ಪರೀಕ್ಷೆ. ಗ್ಯಾಮಾ1 ಭಾಗಿಸು ಗ್ಯಾಮಾ2, ಅದರ ಸ್ವಾಭಾವಿಕ ಲಾಗ್ ಅನ್ನು ಎಕ್ಸ್ ವಿರುದ್ಧ ಗುರುತಿಸಿ. ಸೊನ್ನೆ ಗೆರೆಯ ಮೇಲಿನ ವಿಸ್ತೀರ್ಣ ಎ, ಕೆಳಗಿನದು ಬಿ. ಸ್ಥಿರ ಉಷ್ಣತೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಬೇಕು.

ಸ್ಥಿರ ಒತ್ತಡದ ಡೇಟಾದಲ್ಲಿ ಮಿಶ್ರಣದ ಉಷ್ಣ (ದ್ರವಗಳು ಬೆರೆಯುವಾಗ ಬಿಡುವ ಅಥವಾ ಹೀರುವ ಶಾಖ) ಕೂಡ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಸಮವಾಗಬೇಕಿಲ್ಲ. ಇದಕ್ಕೆ ಹೆರಿಂಗ್ಟನ್ 1951ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟರು:

ಡಿ = 100 × (ಎ ಮತ್ತು ಬಿ ವ್ಯತ್ಯಾಸ) ÷ (ಎ + ಬಿ)
ಜೆ = 150 × (ಕುದಿಯುವ ಉಷ್ಣತೆಗಳ ಒಟ್ಟು ವ್ಯಾಪ್ತಿ) ÷ (ಅತಿ ಕಡಿಮೆ ಕುದಿಯುವ ಉಷ್ಣತೆ, ಕೆಲ್ವಿನ್‌ನಲ್ಲಿ)

ಡಿಯಿಂದ ಜೆ ಕಳೆದಾಗ 10ಕ್ಕಿಂತ ಕಡಿಮೆ ಬಂದರೆ ಪಾಸು. ಮೇಲೆ ಹೇಳಿದ ಕೋಷ್ಟಕಕ್ಕೆ ಲೆಕ್ಕ ಹಾಕಿದಾಗ ಎ ಸುಮಾರು 0.16, ಬಿ ಸುಮಾರು 0.18, ಡಿ 7ರ ಆಸುಪಾಸು ಬರುತ್ತದೆ. ಜೆ 15.7. ಆರಾಮಾಗಿ ಪಾಸು.

ಆದರೆ ಸ್ವಲ್ಪ ನಿಲ್ಲಿ. ಜೆ 15.7 ಅಂದರೆ ಡಿ 25 ಬಂದಿದ್ದರೂ ಪಾಸಾಗುತ್ತಿತ್ತು! ಕುದಿಯುವ ವ್ಯಾಪ್ತಿ ಹೆಚ್ಚಾದಷ್ಟೂ ಪರೀಕ್ಷೆ ಸಡಿಲ. ಆ 150 ಎಂಬ ಸಂಖ್ಯೆ ಎಲ್ಲ ಮಿಶ್ರಣಗಳಿಗೂ ಹೊಂದುವುದಿಲ್ಲ ಎಂದು ವಿಸ್ನಿಯಾಕ್ 1994ರಲ್ಲಿ ತೋರಿಸಿದ್ದಾರೆ. ಅಂಗಡಿಯ ದಿನದ ಒಟ್ಟು ಮೊತ್ತ ಸರಿಹೋದ ಮಾತ್ರಕ್ಕೆ ಪ್ರತಿ ಚೀಟಿಯೂ ಸರಿ ಎನ್ನಲಾಗದು. ಇಲ್ಲೂ ಹಾಗೇ, ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ತಪ್ಪನ್ನು ಮುಚ್ಚಿಹಾಕಬಹುದು.

ಇನ್ನು ಒತ್ತಡದ ವಿಷಯ. ಗ್ಯಾಮಾ1ನ್ನು ಗ್ಯಾಮಾ2ರಿಂದ ಭಾಗಿಸುವಾಗ ಒಟ್ಟು ಒತ್ತಡ ಮೇಲೂ ಇದೆ, ಕೆಳಗೂ ಇದೆ. ಹೊಡೆದುಹೋಗುತ್ತದೆ. ನೀವು 92 ಹಾಕಿ, 101.3 ಹಾಕಿ, ಎ ಮತ್ತು ಬಿ ಕೂದಲೆಳೆಯಷ್ಟೂ ಬದಲಾಗವು. ಅಳೆದ ನಾಲ್ಕು ಸಂಖ್ಯೆಗಳಲ್ಲಿ ಒಂದನ್ನು ಈ ಪರೀಕ್ಷೆ ನೋಡುವುದೇ ಇಲ್ಲ. ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿದೆ: ತುಮಕೂರಿನಲ್ಲಿ ತೆಗೆದ ರೀಡಿಂಗಿಗೆ 760 ಹಾಕಿದರೂ ಏರಿಯಾ ಟೆಸ್ಟ್ ಖುಷಿಯಿಂದ ಪಾಸಾಗುತ್ತದೆ, ಆ ಗ್ಯಾಮಾಗಳನ್ನು ನಂಬಿ ಹಾಕಿದ ಕಾಲಂ ಲೆಕ್ಕ ಮಾತ್ರ ತಪ್ಪುತ್ತದೆ.

ತುದಿಗಳ ಬಗ್ಗೆಯೂ ಎಚ್ಚರ ಬೇಕು. ಎಕ್ಸ್ 0.95ರಲ್ಲಿ ವೈ 0.979, ಅಂದರೆ ಆವಿಯಲ್ಲಿ ನೀರು ಬರೀ 0.021. ವೈ ಅಳತೆಯಲ್ಲಿ 0.01 ತಪ್ಪಾದರೆ ನೀರಿನ ಗ್ಯಾಮಾದಲ್ಲಿ ಅರ್ಧದಷ್ಟು ವ್ಯತ್ಯಾಸ. ಅದೇ 0.01 ತಪ್ಪು ಎಕ್ಸ್ 0.40ರಲ್ಲಿ ಶೇಕಡಾ 4 ದಾಟುವುದಿಲ್ಲ. ವಿಸ್ತೀರ್ಣದ ಬಹುಪಾಲು ತುದಿಗಳಿಂದಲೇ ಬರುವುದರಿಂದ ಅಲ್ಲಿ ರೇಖೆಯನ್ನು ನಿಮಗೆ ಬೇಕಾದಂತೆ ಬಗ್ಗಿಸಿ ಪಾಸು ಮಾಡಿಸುವ ಆಸೆ ಬರುತ್ತದೆ. ಬಗ್ಗಿಸಬೇಡಿ.

ಹಂತ 6: ಪಾಯಿಂಟ್ ಟೆಸ್ಟ್

ನನ್ನ ಮಟ್ಟಿಗೆ ಹೆಚ್ಚು ತೂಕದ ಪರೀಕ್ಷೆ ಇದೇ. ವ್ಯಾನ್ ನೆಸ್, ಬೈಯರ್, ಗಿಬ್ಸ್ 1973ರಲ್ಲಿ ಇದನ್ನು ಕೊಟ್ಟರು. ಫ್ರೆಡೆನ್‌ಸ್ಲುಂಡ್ ಮತ್ತು ಸಂಗಡಿಗರು 1977ರಲ್ಲಿ ಬಳಕೆಗೆ ಒಗ್ಗಿಸಿದರು. ಸರಳವಾದ ವಿಚಾರ: ವೈಯನ್ನು ಬಚ್ಚಿಡಿ. ಉಳಿದ ಮೂರರಿಂದ ಮಾಡೆಲ್ ಕಟ್ಟಿ. ಆ ಮಾಡೆಲ್ ಹೇಳುವ ವೈಯನ್ನು ಅಳೆದ ವೈ ಜೊತೆ ಹೋಲಿಸಿ.

ಎಕ್ಸೆಲ್‌ನಲ್ಲಿ ಹೀಗೆ ಮಾಡಿ:

ಮೊದಲು ಒಂದು ಮಾಡೆಲ್, ಅಂದರೆ ಎಕ್ಸ್ ಕೊಟ್ಟರೆ ಗ್ಯಾಮಾ ಕೊಡುವ ಸೂತ್ರ, ಆರಿಸಿ. ಎರಡು ಸ್ಥಿರಾಂಕಗಳ ಮಾರ್ಗ್ಯೂಲ್ಸ್ ಮಾಡೆಲ್‌ನಿಂದ ಶುರು ಮಾಡಬಹುದು. ಆರಂಭದ ಬೆಲೆಗಳನ್ನು ಹಂತ 5ರ ಗ್ರಾಫಿನ ಎರಡು ತುದಿಗಳಿಂದ ತೆಗೆದುಕೊಳ್ಳಿ. ಮಿಥನಾಲ್–ನೀರಿಗೆ ಅವು ಸುಮಾರು 0.8 ಮತ್ತು 0.5.

ಪ್ರತಿ ಸಾಲಿನಲ್ಲೂ ಅಳೆದ ಎಕ್ಸ್ ಮತ್ತು ಉಷ್ಣತೆಯಿಂದ ಒತ್ತಡ ಲೆಕ್ಕ ಹಾಕಿ: ಎಕ್ಸ್1 × ಗ್ಯಾಮಾ1 × ಆವಿಯೊತ್ತಡ1, ಅದಕ್ಕೆ ಎಕ್ಸ್2 × ಗ್ಯಾಮಾ2 × ಆವಿಯೊತ್ತಡ2 ಕೂಡಿಸಿ. ಇಲ್ಲಿನ ಗ್ಯಾಮಾಗಳು ಮಾಡೆಲ್‌ನಿಂದ ಬಂದವು, ಹಂತ 3ರವಲ್ಲ.

ಲೆಕ್ಕದ ಒತ್ತಡಕ್ಕೂ ಅಳೆದ ಒತ್ತಡಕ್ಕೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ ಕನಿಷ್ಠವಾಗುವಂತೆ ಸಾಲ್ವರ್ ಓಡಿಸಿ.

ಆಮೇಲೆ ಪ್ರತಿ ಸಾಲಿಗೂ ವೈ ಲೆಕ್ಕ ಹಾಕಿ: ಎಕ್ಸ್1 × ಗ್ಯಾಮಾ1 × ಆವಿಯೊತ್ತಡ1, ಭಾಗಿಸು ಲೆಕ್ಕದ ಒತ್ತಡ. ಅಳೆದ ವೈಯಿಂದ ಇದನ್ನು ಕಳೆಯಿರಿ. ಚಿಹ್ನೆ ಬಿಟ್ಟು ತೆಗೆದ ಸರಾಸರಿ 0.01ರೊಳಗಿರಬೇಕು.

ಸರಾಸರಿ ನೋಡಿ ಸುಮ್ಮನಾಗಬೇಡಿ, ವ್ಯತ್ಯಾಸಗಳನ್ನು ಎಕ್ಸ್ ವಿರುದ್ಧ ಗುರುತಿಸಿ. ಸೊನ್ನೆಯ ಮೇಲೆ ಕೆಳಗೆ ಚದುರಿದ್ದರೆ ಒಳ್ಳೆಯದು. ಎಲ್ಲವೂ ಒಂದೇ ಕಡೆ ಇದ್ದರೆ, ಸರಾಸರಿ 0.008 ಇದ್ದರೂ, ಪ್ರಯೋಗದಲ್ಲಿ ಏನೋ ಒಂದೇ ದಿಕ್ಕಿಗೆ ಎಳೆಯುತ್ತಿದೆ.

ಇಲ್ಲಿ ಎರಡು ಕಡೆ ಎಡವಬಹುದು. ಸಾಲ್ವರ್‌ಗೆ ವೈಯನ್ನೂ ಕೊಟ್ಟು ಫಿಟ್ ಮಾಡಿ, ಅದೇ ವೈ ಜೊತೆ ಹೋಲಿಸಿದರೆ ಅದು ಪರೀಕ್ಷೆಯಲ್ಲ. ಇನ್ನೊಂದು, ಮಾಡೆಲ್ಲೇ ಸಾಲದಿದ್ದರೆ ಒಳ್ಳೆಯ ಡೇಟಾ ಕೂಡ ಫೇಲಾಗುತ್ತದೆ. ಹಾಗಾಗಿ ಮೊದಲು ಒತ್ತಡದ ವ್ಯತ್ಯಾಸಗಳನ್ನು ನೋಡಿ. ಅಲ್ಲೇ ಅಲೆಯಂತೆ ಏರಿಳಿತ ಕಂಡರೆ ವಿಲ್ಸನ್ ಅಥವಾ ಹೆಚ್ಚು ಸ್ಥಿರಾಂಕಗಳ ರೆಡ್ಲಿಚ್–ಕಿಸ್ಟರ್ ಮಾಡೆಲ್ ಬಳಸಿ ಮತ್ತೆ ಮಾಡಿ.

ಹಂತ 7: ಫೇಲಾದರೆ ಎಲ್ಲಿ ಹುಡುಕಬೇಕು

ಎರಡೂ ತುದಿಗಳ ಗ್ಯಾಮಾ ಒಂದೇ ಪ್ರಮಾಣದಲ್ಲಿ 1ಕ್ಕಿಂತ ಹೆಚ್ಚು: ಒತ್ತಡ ಅಥವಾ ಥರ್ಮಾಮೀಟರ್. ಎರಡರ ಲಕ್ಷಣ ಒಂದೇ ತರಹ, ಹಂತ 1ರ ನೀರಿನ ಪರೀಕ್ಷೆಯಿಂದಲೇ ಬೇರ್ಪಡಿಸಬೇಕು. ಒಂದೇ ತುದಿಯಲ್ಲಿ ಮಾತ್ರ ಕೆಟ್ಟಿದ್ದರೆ ಆ ದ್ರವದ ಶುದ್ಧತೆ ಅಥವಾ ಅದರ ಆಂಟ್ವಾನ್ ಸ್ಥಿರಾಂಕ. ಬಾಟಲಿ ತೆರೆದಿಟ್ಟ ಮಿಥನಾಲ್ ಮಳೆಗಾಲದಲ್ಲಿ ಬೇಗ ನೀರು ಹೀರುತ್ತದೆ.

ಅಳೆದ ವೈ ಎಲ್ಲೆಡೆ ಲೆಕ್ಕಕ್ಕಿಂತ ಹೆಚ್ಚಿದ್ದರೆ ಆವಿ ಹೋಗುವ ಗಾಜಿನ ಕೊಳವೆಯನ್ನು ಮುಟ್ಟದೆ ಗಮನಿಸಿ. ಒಳಗೋಡೆಯಲ್ಲಿ ಹನಿ ಕಟ್ಟಿ ಹಿಂದಕ್ಕೆ ಜಾರುತ್ತಿದ್ದರೆ ಆವಿ ಅಲ್ಲೇ ಭಾಗಶಃ ತಣಿದು ಇನ್ನೊಂದು ಸುತ್ತು ಬೇರ್ಪಡುತ್ತಿದೆ. ಕೊಳವೆಗೆ ಗ್ಲಾಸ್‌ವೂಲ್ ಸುತ್ತಿ. ಆಥ್ಮರ್ ಸ್ಟಿಲ್‌ನಲ್ಲಿ ಇದು ಸಾಮಾನ್ಯ. ವೈ ಎಲ್ಲೆಡೆ ಕಡಿಮೆ ಇದ್ದರೆ ಕುದಿತ ಜೋರಾಗಿ ದ್ರವದ ಹನಿಗಳು ಆವಿಯ ಜೊತೆ ಹಾರಿಹೋಗುತ್ತಿವೆ. ಕಾವು ತಗ್ಗಿಸಿ. ಚದುರುವಿಕೆ ಹೆಚ್ಚಿದ್ದರೆ ಸಮತೋಲನಕ್ಕೆ ಕಾಯದೆ ಸ್ಯಾಂಪಲ್ ತೆಗೆದಿರಬಹುದು, ಉಷ್ಣತೆ ನಿಂತಮೇಲೂ ಸ್ಟಿಲ್ ಇನ್ನಷ್ಟು ಹೊತ್ತು ಓಡಲಿ.

ಈ ಕ್ರಮ ನೇರವಾಗಿ ಅನ್ವಯಿಸದ ಮಿಶ್ರಣಗಳೂ ಇವೆ. ಅಸಿಟಿಕ್ ಆ್ಯಸಿಡ್ ಆವಿಯಲ್ಲಿ ಎರಡೆರಡು ಅಣು ಜೋಡಿಯಾಗಿರುತ್ತವೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಂತ 3ರ ಸರಳ ಸೂತ್ರ ಹಾಕಿದರೆ ಎಷ್ಟು ಒಳ್ಳೆಯ ಡೇಟಾ ಆದರೂ ಫೇಲಾಗುತ್ತದೆ. ಬ್ಯುಟನಾಲ್–ನೀರಿನಂತೆ ಎರಡು ಪದರವಾಗುವ ಮಿಶ್ರಣಗಳಿಗೂ ಈ ವಿಧಾನವನ್ನು ಹಾಗೇ ಬಳಸಬೇಡಿ. ಹೆಚ್ಚಿನ ಒತ್ತಡದ ಡೇಟಾಗೆ ಆವಿಯ ಫ್ಯುಗ್ಯಾಸಿಟಿ ತಿದ್ದುಪಡಿ (ಆವಿ ಆದರ್ಶ ಅನಿಲದಂತೆ ನಡೆಯದಿರುವುದಕ್ಕೆ ಮಾಡುವ ತಿದ್ದುಪಡಿ) ಬೇಕು.

ಬೇರೆಯವರ ಡೇಟಾ ಆರಿಸುವಾಗ ಡೆಕೆಮಾ ಸಂಪುಟಗಳು (ವಿಎಲ್‌ಇ ಡೇಟಾದ ದೊಡ್ಡ ಸಂಗ್ರಹ) ಸಿಕ್ಕರೆ ಕೋಷ್ಟಕದ ಪಕ್ಕದ ಪ್ಲಸ್, ಮೈನಸ್ ಗುರುತು ನೋಡಿ, ಅವು ಇವೇ ಎರಡು ಬಗೆಯ ಪರೀಕ್ಷೆಗಳ ಫಲಿತಾಂಶ. ನಿಮ್ಮ ರೆಕಾರ್ಡ್‌ನಲ್ಲೂ "ಕನ್ಸಿಸ್ಟೆಂಟ್" ಎಂದು ಒಂದೇ ಪದ ಬರೆದು ಮುಗಿಸಬೇಡಿ. ಪ್ರತಿ ರೀಡಿಂಗಿನ ಒತ್ತಡ, ಬಳಸಿದ ಆಂಟ್ವಾನ್ ಸ್ಥಿರಾಂಕಗಳು, ತುದಿಗಳ ಗ್ಯಾಮಾ, ಡಿ ಮತ್ತು ಜೆ, ಮಾಡೆಲ್‌ನ ಹೆಸರು, ವೈ ವ್ಯತ್ಯಾಸದ ಸರಾಸರಿ ಮತ್ತು ಗ್ರಾಫ್, ಇಷ್ಟನ್ನೂ ಬರೆಯಿರಿ. ಫೇಲಾದ ಬಿಂದುಗಳನ್ನು ಅಳಿಸದೆ ಗುರುತು ಹಾಕಿ ಉಳಿಸಿ, ಮುಂದಿನ ಬ್ಯಾಚಿನವರು ಅದೇ ಸ್ಟಿಲ್‌ನಲ್ಲಿ ಕೆಲಸ ಮಾಡುವಾಗ ಅವು ಬೇಕಾಗುತ್ತವೆ.